ಯಾರಾದರೂ ತೆಗೆದರೆ ಮತ್ತೆ ಹಾಕು

ಮೋಹನ್‌ಬಾಬು ತೀರಿಕೊಂಡು ಏಳು ತಿಂಗಳಾಗಿದ್ದರೂ ಪ್ರತಿದಿನ ಮಧ್ಯಾಹ್ನ ಮೂರೂವರೆಗೆ ಅವನ ಹೆಸರು ನಾಲ್ಕು ಊರುಗಳ ಕಂಪ್ಯೂಟರುಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಪರದೆಯ ಬಲಮೂಲೆಯಲ್ಲಿ ಚಿಕ್ಕದೊಂದು ಹಳದಿ ಚೌಕ ಮೇಲೇಳುತ್ತಿತ್ತು. ಅದರೊಳಗೆ, 'ಬ್ಯಾಕಪ್ ನಡೀತಿದೆ. ಐದು ನಿಮಿಷ ಆಫ್ ಮಾಡ್ಬೇಡ್ರಪ್ಪ - ಮೋಹನ್' ಎಂದು ಬರೆದಿರುತ್ತಿತ್ತು. ಐದು ನಿಮಿಷ ಇದ್ದು ತಾನಾಗಿ ಮಾಯವಾಗುತ್ತಿತ್ತು.

ಅದು ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬು. ಚಿಕ್ಕಬಳ್ಳಾಪುರದಲ್ಲಿ ಮುಖ್ಯ ಕಚೇರಿ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಶಾಖೆಗಳು. ಎಲ್ಲ ಕಡೆ ಸೇರಿ ಇಪ್ಪತ್ತೊಂದು ಕಂಪ್ಯೂಟರು. ಪ್ರತಿಯೊಂದರಲ್ಲೂ ಒಂದು ಪುಟ್ಟ ಪ್ಲಗ್‌ಇನ್ ಹಾಕಿ ಕೂರಿಸಿದ್ದವನು ಮೋಹನ್‌ಬಾಬು. ದಿನದ ವರದಿಗಳನ್ನೆಲ್ಲ ಅದು ಒಟ್ಟುಮಾಡಿ ಚಿಕ್ಕಬಳ್ಳಾಪುರದ ಸರ್ವರಿಗೆ ಕಳಿಸುತ್ತಿತ್ತು. ಕಂಪ್ಯೂಟರು ಕೆಟ್ಟರೂ ರೋಗಿಗಳ ವರದಿ ಕಳೆದುಹೋಗುತ್ತಿರಲಿಲ್ಲ. ಅವನ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದವಳು ಶರ್ವಾಣಿ. ಅವನು ಹೋದಮೇಲೆ ಆ ಕೆಲಸವೆಲ್ಲ ಅವಳ ಪಾಲಿಗೆ ಬಂದಿತ್ತು.

ಜೂನ್ ತಿಂಗಳಲ್ಲಿ ಮ್ಯಾನೇಜರ್ ಗಣೇಶ್ ಪ್ರಸಾದ್ ಅವಳನ್ನು ಕರೆದು, ಬ್ಯಾಕಪ್ಪಿಗೆ ಹೊಸ ಸಾಫ್ಟ್‌ವೇರ್ ಬಂದಿದೆ, ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು ಎಂದರು. ಎರಡೂ ಒಂದೇ ಕಂಪ್ಯೂಟರಿನಲ್ಲಿದ್ದರೆ ಒಂದಕ್ಕೊಂದು ತಡೆಹಾಕಿ ಯಂತ್ರವೇ ನಿಂತುಬಿಡುತ್ತದೆ. ಹಳೆಯದನ್ನು ಚಿಕ್ಕಬಳ್ಳಾಪುರದಲ್ಲಿ ಕೂತು ತೆಗೆಯಲು ಬರುವುದಿಲ್ಲ. ಆಯಾ ಯಂತ್ರದ ಮುಂದೆ ಕೂತು ಪಾಸ್‌ವರ್ಡ್ ಒತ್ತಿಯೇ ತೆಗೆಯಬೇಕು. ಪಾಸ್‌ವರ್ಡ್ ಬರೆದಿದ್ದ ಚೀಟಿಯನ್ನು ಅವರು ಕೊಟ್ಟಾಗ ಅದರಲ್ಲಿ ಮೋಹನ್‌ಬಾಬುವಿನ ಕೈಬರಹವಿತ್ತು. ಶರ್ವಾಣಿ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹತ್ತು ದಿನ ಒಂದಲ್ಲ ಒಂದು ನೆಪ ಹೇಳಿ ತಳ್ಳಿದಳು.

ಆ ಹಿಂಜರಿಕೆಗೆ ಕಾರಣ ಬೇರೆಯೇ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೋಹನ್‌ಬಾಬು ತೀರಿಕೊಂಡ ನವೆಂಬರಿನ ಆ ಮಂಗಳವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಮಧ್ಯಾಹ್ನ ಹನ್ನೆರಡೂವರೆಗೆ ಚಿಂತಾಮಣಿಯ ಒಂದು ಕಂಪ್ಯೂಟರು ಸರ್ವರಿನ ಪಟ್ಟಿಯಿಂದ ಕಾಣೆಯಾಯಿತು. ಅಲ್ಲಿ ಕರೆಂಟು ಹೋಗಿ ಬಂದು ಪ್ಲಗ್‌ಇನ್ ಕೆಟ್ಟಿತ್ತು. ಹೊರಗಿನ ಊರಿಗೆ ಹೋಗುವ ಸರದಿ ಶರ್ವಾಣಿಯದು. ಅವಳಿಗೆ ಮಳೆಯಲ್ಲಿ ಬಸ್ಸು ಹತ್ತಿ ಇಳಿಯಲು ಮನಸ್ಸಾಗಲಿಲ್ಲ, ಅಷ್ಟೇ. ಹೊಟ್ಟೆನೋವು ಎಂದಳು. ಮೋಹನ್‌ಬಾಬು ಅವಳ ಮುಖ ನೋಡಿದ. ಸುಳ್ಳೆಂದು ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಆಯ್ತು ಬಿಡಮ್ಮ, ನಾನೇ ಹೋಗ್ತೀನಿ," ಎಂದು ಅವನು ರೇನ್‌ಕೋಟು ಹಾಕಿಕೊಂಡ. "ನೀನು ಸ್ಕ್ರೀನ್ ಮೇಲೆ ಒಂದು ಕಣ್ಣಿಟ್ಟಿರು. ಅದೇ ಸರಿಹೋದ್ರೂ ಹೋಗಬಹುದು. ಸರಿಹೋದ್ರೆ ನಂಗೊಂದು ಫೋನ್ ಮಾಡು, ದಾರೀಲೇ ತಿರುಗ್ಕೊಂಡು ಬಂದ್ಬಿಡ್ತೀನಿ."

ಒಂದು ಗಂಟೆಗೆ ಅವನ ಬೈಕು ಹೊರಟಿತು. ಶರ್ವಾಣಿ ಊಟ ಮಾಡಿ, ಕೆಳಗಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿಯರ ಜೊತೆ ಮಾತಾಡುತ್ತ ಎರಡು ಗಂಟೆ ಕಳೆದಳು. ಮೂರೂಕಾಲಿಗೆ ಸುದ್ದಿ ಬಂತು: ಚಿಂತಾಮಣಿಗೆ ಇನ್ನೂ ಐದಾರು ಕಿಲೋಮೀಟರಿರುವಾಗ, ಮೋರಿಯ ಹತ್ತಿರ, ಟೊಮ್ಯಾಟೊ ಲಾರಿಯ ಹಿಂಬದಿಗೆ ಬೈಕು ಬಡಿದಿತ್ತು. ಅವಳು ಮೇಲೆ ಓಡಿಬಂದು ಪರದೆ ನೋಡಿದಾಗ ಇಪ್ಪತ್ತೊಂದು ಹೆಸರುಗಳ ಪಕ್ಕದಲ್ಲೂ ಹಸಿರು ಚುಕ್ಕೆ ಉರಿಯುತ್ತಿತ್ತು. ಚಿಂತಾಮಣಿಯದ್ದೂ. ಅದು ಯಾವಾಗ ಸರಿಹೋಯಿತೆಂದು ಅವಳು ನೋಡಲಿಲ್ಲ. ಒಂದು ಬಟನ್ ಒತ್ತಿದರೆ ತಿಳಿಯುತ್ತಿತ್ತು. ಏಳು ತಿಂಗಳಲ್ಲಿ ಒಮ್ಮೆಯೂ ಒತ್ತಲಿಲ್ಲ.

ಕೊನೆಗೊಂದು ಸೋಮವಾರ ಹಳೆಯದನ್ನು ತೆಗೆಯುವ ಕೆಲಸ ಶುರುಮಾಡಲೇಬೇಕಾಯಿತು. ಅವಳು ಮೊದಲು ಗೌರಿಬಿದನೂರನ್ನು ಆರಿಸಿಕೊಂಡಳು. ಅದು ಚಿಂತಾಮಣಿಗೆ ಪೂರ್ತಿ ವಿರುದ್ಧ ದಿಕ್ಕು. ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಹೋಗಿ, ಹತ್ತೂವರೆಗೆ ಅಲ್ಲಿ ಕೂತಳು. ಶಾಖೆಯ ಟೆಕ್ನೀಷಿಯನ್ ಜಗನ್, ತೊಂಡೇಬಾವಿಯವನು, ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವಳು ಪಾಸ್‌ವರ್ಡ್ ಒತ್ತಿದಾಗ ಪರದೆಯ ಮೇಲೆ, ತೆಗೆಯುತ್ತಿರುವುದಕ್ಕೆ ಕಾರಣವೇನು ಎಂದು ಕೇಳುವ ಒಂದು ಖಾಲಿ ಜಾಗ ಬಂತು. ಏನೂ ಬರೆಯದೆ ಮುಂದಕ್ಕೆ ಹೋದಳು. ಐದೂ ಯಂತ್ರಗಳಲ್ಲಿ ಹಳೆಯದು ಹೋಯಿತು, ಹೊಸದು ಕೂತಿತು. ಪ್ರತಿ ಯಂತ್ರವನ್ನೂ ಆರಿಸಿ ಹಚ್ಚಿ ನೋಡಿ, ಹನ್ನೆರಡೂವರೆಯ ಬಸ್ಸು ಹಿಡಿದಳು.

ಅವಳು ಚಿಕ್ಕಬಳ್ಳಾಪುರಕ್ಕೆ ಬಂದು ಕೂತಿದ್ದಾಗ ಜಗನ್ ಫೋನ್ ಮಾಡಿದ. ಗಂಟೆ ಮೂರು ಮೂವತ್ತೆರಡು.

"ಮೇಡಂ, ಮೋಹನಣ್ಣನ ಮೆಸೇಜ್ ಬಂತು," ಎಂದ. ಅವನ ದನಿ ತಗ್ಗಿತ್ತು. "ಐದರಲ್ಲೂ ಬಂತು. ನೀವು ತೆಗೆದಿದ್ದನ್ನ ನಾನೇ ನೋಡಿದ್ನಲ್ಲ."

ಎಲ್ಲೋ ಸರಿಯಾಗಿ ಹೋಗಿಲ್ಲವೇನೋ, ನಾಳೆ ಬಂದು ನೋಡುತ್ತೇನೆ ಎಂದು ಶರ್ವಾಣಿ ಹೇಳಿದಳು. ಮಾರನೆಯ ದಿನ ಹೋಗಿ ನೋಡಿದರೆ ಹಳೆಯ ಪ್ಲಗ್‌ಇನ್ ಐದು ಯಂತ್ರಗಳಲ್ಲೂ ಮೊದಲಿನ ಜಾಗದಲ್ಲೇ ಇತ್ತು. ಹೊಸದರ ಜೊತೆ ತಿಕ್ಕಾಟವಾಗಿ ಒಂದು ಯಂತ್ರ ನಿಂತೇಹೋಗಿತ್ತು. ಅವಳು ಮತ್ತೆ ತೆಗೆದಳು. ಫೋಲ್ಡರುಗಳನ್ನೆಲ್ಲ ಕೈಯಾರೆ ಹುಡುಕಿ ಅಳಿಸಿದಳು. ಜಗನ್ ಈ ಸಲ ಹತ್ತಿರ ಬರಲಿಲ್ಲ. ಬಾಗಿಲ ಬಳಿ ನಿಂತು, ಅಣ್ಣನಿಗೆ ಇದು ಇಷ್ಟವಿಲ್ಲವೆಂದು ಕಾಣುತ್ತದೆ, ಸುಮ್ಮನೆ ಬಿಟ್ಟುಬಿಡಿ ಎಂದ. ಅವನು ತಮಾಷೆಗೆ ಹೇಳಲಿಲ್ಲ. ಆ ಮಧ್ಯಾಹ್ನ ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಿದ್ದಾಗ ಮತ್ತೆ ಫೋನ್ ಬಂತು. ನೋಡದೆಯೇ ಯಾಕೆಂದು ಅವಳಿಗೆ ತಿಳಿಯಿತು.

ಬುಧವಾರ ಅವಳು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಜಗನ್‌ಗೆ ಫೋನಿನಲ್ಲೇ ಹೇಳಿಕೊಟ್ಟು, ಒಂದು ಯಂತ್ರದಿಂದ ಹಳೆಯದನ್ನು ತೆಗೆಸಿದಳು. ಆಮೇಲೆ ಸರ್ವರ್ ಕೋಣೆಗೆ ಹೋಗಿ ಪಟ್ಟಿಯ ಮುಂದೆ ಕೂತಳು. ಅದು ಕಿಟಕಿಯಿಲ್ಲದ ಚಿಕ್ಕ ಕೋಣೆ. ಏಸಿಯ ತಣ್ಣನೆಯ ಗಾಳಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಆಗಾಗ ಎದ್ದು ಬೀಳುತ್ತಿತ್ತು. ಮೋಹನ್‌ಬಾಬುವಿನ ಕುರ್ಚಿ ಇನ್ನೂ ಅಲ್ಲೇ ಇತ್ತು. ಅದರಲ್ಲಿ ಅವಳು ಕೂರುತ್ತಿರಲಿಲ್ಲ, ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕಣ್ಣು ಕೀಳದೆ ನೋಡಿದಳು. ಹನ್ನೆರಡಾಯಿತು, ಒಂದಾಯಿತು. ಏನೂ ಆಗಲಿಲ್ಲ. ಊಟಕ್ಕೆ ಕರೆದವರಿಗೆ ಬರುವುದಿಲ್ಲವೆಂದಳು.

ಸರಿಯಾಗಿ ಒಂದು ನಲವತ್ತಕ್ಕೆ ಗೌರಿಬಿದನೂರಿನ ಆ ಯಂತ್ರದ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಒಂದು ನಿಮಿಷ ಹಾಗೇ ಇತ್ತು. ಆಮೇಲೆ ಹಸಿರಾಯಿತು. ಅದರ ಪಕ್ಕದಲ್ಲಿ ಅಕ್ಷರಗಳು ಮೂಡಿದವು: ಪ್ಲಗ್‌ಇನ್ ಹಾಕಲಾಗಿದೆ. ಹಾಕಿದವರು: ಮೋಹನ್‌ಬಾಬು. ಸಮಯ: ಈಗ.

ಶರ್ವಾಣಿ ಎದ್ದು ಬಾಗಿಲು ತೆರೆದು ಹೊರಗೆ ಬಂದು ನಿಂತಳು. ಕಾರಿಡಾರಿನಲ್ಲಿ ರಕ್ತ ಕೊಡಲು ಬಂದವರು ಬೆಂಚಿನ ಮೇಲೆ ಕೂತಿದ್ದರು, ಒಂದು ಮಗು ಅಳುತ್ತಿತ್ತು. ಅದನ್ನೆಲ್ಲ ನೋಡಿದ ಮೇಲೆ ಉಸಿರು ಸ್ವಲ್ಪ ಸರಿಹೋಯಿತು. ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ, ಯಾರೋ ಹೇಳಿಟ್ಟಿರಬೇಕು ಎಂದು ಅವಳಿಗೆ ಮೋಹನ್‌ಬಾಬುವೇ ಕಲಿಸಿದ್ದ. ಅವಳು ಒಳಗೆ ಬಂದು, ಸರ್ವರಿಗೆ ಕೊಟ್ಟಿದ್ದ ಆದೇಶಗಳನ್ನೆಲ್ಲ ಒಂದೊಂದಾಗಿ ತೆರೆದಳು. ಕೊನೆಯಲ್ಲಿ ಅವಳು ಎಂದೂ ನೋಡಿರದ ಒಂದು ಆದೇಶವಿತ್ತು. ದಿನಾ ಮಧ್ಯಾಹ್ನ ಒಂದು ನಲವತ್ತಕ್ಕೆ ಸರ್ವರು ಎಲ್ಲ ಯಂತ್ರಗಳನ್ನೂ ಒಂದು ಸುತ್ತು ನೋಡಿಬರಬೇಕು. ಎಲ್ಲಿ ಪ್ಲಗ್‌ಇನ್ ಇಲ್ಲವೋ, ಎಲ್ಲಿ ಕೆಟ್ಟಿದೆಯೋ ಅಲ್ಲಿ ತಾನೇ ಹಾಕಬೇಕು. ಅದರ ಕೆಳಗೆ ಅವನು ಕನ್ನಡದಲ್ಲಿ ಬರೆದುಕೊಂಡಿದ್ದ: 'ಯಾರಾದರೂ ತೆಗೆದರೆ ಮತ್ತೆ ಹಾಕು. ಕೆಲಸ ಮಾಡುತ್ತಾ ಅಂತ ನೋಡಬೇಕು. ಶರ್ವಾಣಿಗೆ ಹೇಳಬೇಕು.'

ಬರೆದ ದಿನ, ನವೆಂಬರಿನ ಆ ಮಂಗಳವಾರಕ್ಕೆ ಹಿಂದಿನ ದಿನ.

ಹೆದರಿಕೆ ಇಳಿದುಹೋಗಬೇಕಿತ್ತು. ಆದರೆ ಆ ಆದೇಶ ಇದುವರೆಗೆ ಎಷ್ಟು ಸಲ ನಡೆದಿದೆ ಎಂಬ ಪಟ್ಟಿಯೂ ಅದರ ಪಕ್ಕದಲ್ಲೇ ಇತ್ತು. ಸೋಮವಾರದಿಂದ ಈಚೆಗೆ ಗೌರಿಬಿದನೂರಿನ ಹನ್ನೊಂದು ಸಾಲು. ಅದಕ್ಕೂ ಹಿಂದೆ, ಏಳು ತಿಂಗಳ ಕೆಳಗೆ, ಒಂದೇ ಒಂದು ಸಾಲು. ಚಿಂತಾಮಣಿ, ಮೂರನೇ ಯಂತ್ರ. ಮಂಗಳವಾರ, ಒಂದು ನಲವತ್ತು. ಸರಿಪಡಿಸಲಾಗಿದೆ.

ಅವನು ಹೊರಟ ನಲವತ್ತು ನಿಮಿಷಕ್ಕೆ ಅವನದೇ ಆದೇಶ ಯಂತ್ರವನ್ನು ಸರಿಮಾಡಿತ್ತು. ಅವನು ಬದುಕಿದ್ದ. ದಾರಿಯಲ್ಲಿದ್ದ. ಪರದೆಯ ಮೇಲೆ ಹಸಿರು ಚುಕ್ಕೆ ಬಂದಿತ್ತು. ಅದನ್ನು ನೋಡಬೇಕಾಗಿದ್ದವಳು ಕೆಳಗೆ ಕೌಂಟರಿನಲ್ಲಿ ಮಾತಾಡುತ್ತಿದ್ದಳು.

ಶರ್ವಾಣಿ ಆ ಸಾಲನ್ನು ಎಷ್ಟು ಹೊತ್ತು ನೋಡಿದಳೋ ಅವಳಿಗೇ ತಿಳಿಯಲಿಲ್ಲ. ಗಣೇಶ್ ಪ್ರಸಾದ್ ಬಾಗಿಲು ತಟ್ಟಿದಾಗ, ತೊಂದರೆ ಏನೆಂದು ಗೊತ್ತಾಯಿತು ಸರ್, ಸರ್ವರಿನಲ್ಲಿ ಒಂದು ಹಳೆಯ ಆದೇಶ ಉಳಿದಿತ್ತು ಎಂದಷ್ಟೇ ಹೇಳಿದಳು. ಅವರ ಎದುರಿಗೇ ಅದನ್ನು ಅಳಿಸಿದಳು. ಅಳಿಸುವ ಮೊದಲು ಆ ಪುಟವನ್ನು ಒಂದು ಹಾಳೆಗೆ ಪ್ರಿಂಟು ತೆಗೆದು ಮಡಚಿ ಇಟ್ಟುಕೊಂಡಳು. ಯಾಕೆ ಇಟ್ಟುಕೊಂಡೆನೆಂದು ಆಗ ಅವಳು ಯೋಚಿಸಲಿಲ್ಲ.

ಆಮೇಲೆ ಕೆಲಸ ಸುಗಮವಾಯಿತು. ಗೌರಿಬಿದನೂರು ಮುಗಿಯಿತು, ತೆಗೆದದ್ದು ಮತ್ತೆ ಬರಲಿಲ್ಲ. ಜಗನ್ ಸಮಾಧಾನಪಟ್ಟುಕೊಂಡ. ಶರ್ವಾಣಿಗೆ ಮಾತ್ರ ನಿದ್ದೆ ದೂರವಾಯಿತು. ಬಸ್ಸಿನಲ್ಲಿ ಕೂತರೆ ಯಾರೋ ಹಿಂದಿನ ಸೀಟಿನಿಂದ ಅವಳ ಫೋನನ್ನೇ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ತಿರುಗಿದರೆ ಯಾರದೋ ಸೊಪ್ಪಿನ ಮೂಟೆಯೋ, ಮಲಗಿದ ಮುದುಕನೋ ಇರುತ್ತಿದ್ದ.

ಶಿಡ್ಲಘಟ್ಟದ ಶಾಖೆಯ ಕೌಂಟರಿನಲ್ಲಿ ಶ್ರೀವಲ್ಲಿ ಎಂಬಾಕೆ ಇದ್ದಳು. ಮೇಲೂರಿನಿಂದ ಬರುವವಳು, ಮಾತುಗಾತಿ. ಶರ್ವಾಣಿ ಪ್ಲಗ್‌ಇನ್ ತೆಗೆಯುತ್ತಿದ್ದಾಗ ಅವಳು ಕೇಳದೆಯೇ ಹೇಳಿದಳು. ಅಪಘಾತದ ದಿನ ಮೋಹನ್ ಸರ್ ಇಲ್ಲಿಗೂ ಬಂದಿದ್ದರು, ನೆನೆದುಹೋಗಿದ್ದರು, ಟೀ ತರಿಸಿಕೊಟ್ಟೆ. ಅರ್ಧ ಗಂಟೆ ಕೂತರು. ಮಳೆ ಹನಿಯುವುದು ಕಡಿಮೆಯಾದ ಮೇಲೂ ಏಳಲಿಲ್ಲ. ಫೋನನ್ನು ಟೇಬಲ್ಲಿನ ಮೇಲೆ ಎದುರಿಗೇ ಇಟ್ಟುಕೊಂಡಿದ್ದರು. ಯಾರದಾದರೂ ಫೋನ್ ಬರಬೇಕಾ ಸರ್ ಎಂದು ಕೇಳಿದ್ದಕ್ಕೆ, ಬಂದರೆ ನನಗೊಂದು ಪ್ರಯಾಣ ಉಳೀತು ಅಂದರು. ಎರಡೂ ಹತ್ತಕ್ಕೆ ಎದ್ದು ಹೋದರು.

ಶರ್ವಾಣಿ ಲೆಕ್ಕ ಹಾಕಿದಳು. ಒಂದು ನಲವತ್ತರಿಂದ ಎರಡೂ ಹತ್ತು. ಅರ್ಧ ಗಂಟೆ ಅವನು ಅವಳ ಕರೆಗಾಗಿ ಇದೇ ಮೇಜಿನ ಮುಂದೆ ಕಾದಿದ್ದ.

ಚಿಂತಾಮಣಿಗೆ ಹೋಗುವ ದಿನ ಅವಳು ದಾರಿಯುದ್ದಕ್ಕೂ ಕಣ್ಣುಮುಚ್ಚಿ ಕೂತಿದ್ದಳು. ಮೋರಿ ಯಾವುದೆಂದು ಕಂಡಕ್ಟರನ್ನು ಕೇಳಲಿಲ್ಲ. ಮೂರನೇ ಯಂತ್ರವನ್ನು ಕೊನೆಗಿಟ್ಟುಕೊಂಡಳು. ಅದರಲ್ಲೂ ಆ ಖಾಲಿ ಜಾಗ ಬಂತು. ತೆಗೆಯುತ್ತಿರುವುದಕ್ಕೆ ಕಾರಣವೇನು? ಅವಳು ಬಹಳ ಹೊತ್ತು ನೋಡಿ, ಏನೂ ಬರೆಯಲಾರದೆ, ಮುಂದೆ ಒತ್ತಿದಳು. ಕೆಲಸ ಮುಗಿದಾಗ ಹನ್ನೊಂದೂವರೆ. ವಾಪಸು ಹೋಗುವ ಬಸ್ಸು ನಿಂತಿತ್ತು. ಅವಳು ಅದನ್ನು ಹತ್ತದೆ ಆಟೋ ಮಾಡಿಕೊಂಡು, ಅಂಬಾಜಿದುರ್ಗದ ಬುಡದಲ್ಲಿದ್ದ ಮೋಹನ್‌ಬಾಬುವಿನ ಊರಿಗೆ ಹೋದಳು.

ವಾರವೆಲ್ಲ ಚಿಕ್ಕಬಳ್ಳಾಪುರದ ರೂಮಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದವನು ಅವನು. ಮನೆಯಲ್ಲಿ ಈಗ ಹೆಂಡತಿ ಭಾನುಪ್ರಿಯಾ, ತಾಯಿ ಅಮ್ಮಾಜಮ್ಮ ಇಬ್ಬರೇ. ಶರ್ವಾಣಿ ಅವರನ್ನು ನೋಡಿದ್ದು ಹನ್ನೊಂದನೇ ದಿನದ ಕಾರ್ಯದಲ್ಲಿ, ದೂರದಿಂದ. ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದ ಅಮ್ಮಾಜಮ್ಮ, "ಎವರಮ್ಮಾ?" ಎಂದು ತೆಲುಗಿನಲ್ಲಿ ಕೇಳಿ, ಆಫೀಸಿನವಳೆಂದು ತಿಳಿದ ಮೇಲೆ ನೀರು ಕೊಟ್ಟು, ಭಾನು ಹುಳುಮನೆಯಲ್ಲಿದ್ದಾಳೆ ಎಂದು ಹಿತ್ತಲು ತೋರಿಸಿದರು.

ಭಾನುಪ್ರಿಯಾ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಶರ್ವಾಣಿಯನ್ನು ಗುರುತಿಸಿದಳು, ಆದರೆ ಕೈ ನಿಲ್ಲಿಸಲಿಲ್ಲ. ಹುಳು ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿವೆ, ಹಸಿವು ಜಾಸ್ತಿ ಎಂದಳು. ಶರ್ವಾಣಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಿಂತೇ ಹೇಳತೊಡಗಿದಳು. ಹೊಟ್ಟೆನೋವು ಎಂದಿದ್ದು, ಅದು ಸುಳ್ಳಾಗಿದ್ದು, ಪರದೆ ನೋಡು ಎಂದು ಅವನು ಹೇಳಿದ್ದು, ತಾನು ನೋಡದಿದ್ದದ್ದು. ಹಾಳೆಯನ್ನು ಬಿಚ್ಚಿ ಒಂದು ನಲವತ್ತರ ಸಾಲನ್ನು ತೋರಿಸಿದಳು. ಅದರ ಅರ್ಥವೇನೆಂದು ಬಿಡಿಸಿ ಹೇಳಿದಳು. ಶಿಡ್ಲಘಟ್ಟದಲ್ಲಿ ಅವನು ಕಾದದ್ದನ್ನೂ ಮುಚ್ಚಿಡಲಿಲ್ಲ.

"ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು ಅಕ್ಕ," ಎಂದಳು. "ನಾನು ಮಾಡಲಿಲ್ಲ."

ಭಾನುಪ್ರಿಯಾ ಹಾಳೆಯನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ಎರಡನೇ ಸಲ ನೋಡಿದಳು. ಆಮೇಲೆ ಅಲ್ಲೇ ಸೊಪ್ಪಿನ ಹೊರೆಯ ಮೇಲೆ ಕೂತಳು. ಬಯ್ಯುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ಶರ್ವಾಣಿ ಕಾದಳು.

"ಶಿಡ್ಲಘಟ್ಟದಿಂದ ನಂಗೆ ಫೋನ್ ಮಾಡಿದ್ರು," ಎಂದಳು ಭಾನುಪ್ರಿಯಾ. "ಎರಡು ಗಂಟೆಗೆ. ಮಳೆ ನೋಡಿದ್ರೆ ಮುಂದಕ್ಕೆ ಹೋಗಕ್ಕೆ ಮನಸ್ಸಿಲ್ಲ, ಆಫೀಸಿಂದ ಫೋನ್ ಬಂದ್ರೆ ಹಿಂಗೇ ತಿರುಗ್ತೀನಿ ಅಂದ್ರು. ನಾನೇನಂದೆ ಗೊತ್ತಾ? ಫೋನ್ ಬಂದ್ರೂ ಬರಲಿ ಬಿಡ್ರಿ, ಅಷ್ಟು ದೂರ ಬಂದಿದೀರ, ಮನೆಗೆ ಬಂದು ಬಿಸಿಬಿಸಿ ಊಟ ಮಾಡ್ಕೊಂಡು ಹೋಗ್ರಿ ಅಂದೆ. ಎರಡು ಶನಿವಾರ ತಪ್ಪಿಹೋಗಿ ಹದಿನೈದು ದಿನ ಆಗಿತ್ತು ಅವರು ಮನೆಗೆ ಬಂದು."

ಆ ಫೋನಿನ ಮಾತು ಅತ್ತೆಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದು ಭಾನುಪ್ರಿಯಾ ಹೇಳಿದಳು. ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಅವಳದೇ ದನಿ ಅವಳಿಗೆ ಕೇಳಿಸುತ್ತದಂತೆ, ಊಟ ಮಾಡ್ಕೊಂಡು ಹೋಗ್ರಿ ಅಂತ. ಎದ್ದು ನೋಡಿದರೆ ಯಾರೂ ಇರುವುದಿಲ್ಲ.

"ನೀನು ಬಂದು ಹೇಳಿದ್ದು ಒಳ್ಳೇದಾಯ್ತು ಅಂತ ನಾನು ಹೇಳಲ್ಲ," ಎಂದಳು. "ನಂಗೆ ಸಿಟ್ಟಿದೆ. ಇದ್ದೇ ಇರುತ್ತೆ. ಆದ್ರೆ ಇಷ್ಟು ದಿನ ನಾನೊಬ್ಬಳೇ ಅಂದ್ಕೊಂಡಿದ್ದೆ ಕಣೇ."

ಹಾಳೆಯನ್ನು ಅವಳು ವಾಪಸು ಕೊಡಲಿಲ್ಲ. ಶರ್ವಾಣಿ ಊಟಕ್ಕೆ ನಿಲ್ಲಲಿಲ್ಲ. ಅವರೂ ಬಲವಂತ ಮಾಡಲಿಲ್ಲ.

ಮಾರನೆಯ ದಿನ ಅವಳು ಗಣೇಶ್ ಪ್ರಸಾದರಿಗೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಂಥ ಮಳೆಯಲ್ಲಿ ಯಾರನ್ನೂ ಕಳಿಸಬಾರದಿತ್ತು, ಅದನ್ನು ನೋಡಬೇಕಾಗಿದ್ದವನು ನಾನು ಎಂದರು. ಮಳೆಯಲ್ಲಿ ಯಾರೂ ಬೈಕಿನಲ್ಲಿ ಹೊರ ಊರಿಗೆ ಹೋಗಕೂಡದೆಂದು ಅಂದೇ ನೋಟೀಸು ಹಾಕಿದರು. ಅದನ್ನು ಓದಿದವರೆಲ್ಲ ಈಗ ಯಾಕೆ ಎಂದು ಕೇಳಿದರು.

ಹನ್ನೆರಡು ದಿನ ಕಳೆದ ಮೇಲೆ ಒಂದು ಶನಿವಾರ ಭಾನುಪ್ರಿಯಾಳ ಫೋನ್ ಬಂತು. ಗೂಡು ಬಿಡಿಸುವ ಕೆಲಸವಿದೆ, ಕೂಲಿಗೆ ಬರುತ್ತೇನೆಂದವರು ಕೈಕೊಟ್ಟಿದ್ದಾರೆ, ನಾಳೆ ರಜಾ ಇದ್ದರೆ ಬಾ ಎಂದಳು. ಶರ್ವಾಣಿ ಬೆಳಗಿನ ಮೊದಲ ಬಸ್ಸಿಗೆ ಹೋದಳು.

ಹುಳುಗಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಂಕಿ ತಟ್ಟಿಗಳನ್ನು ಅಂಗಳದಲ್ಲಿ ಒರಗಿಸಿದ್ದರು. ಮೂವರೂ ಒಂದರ ಸುತ್ತ ಕೂತು ಗೂಡು ಬಿಡಿಸತೊಡಗಿದರು. ಅಮ್ಮಾಜಮ್ಮ ಅವಳಿಗೆ, ಹೆಬ್ಬೆರಳಿನಿಂದ ಒತ್ತಬೇಡ, ಒಳಗೆ ಹುಳು ಸಾಯುತ್ತದೆ ಎಂದು ತೋರಿಸಿಕೊಟ್ಟರು. ಮಗನ ಮಾತು ಯಾರೂ ಎತ್ತಲಿಲ್ಲ. ಬಿಸಿಲೇರುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿತ್ತು. ಆಗ ಅಮ್ಮಾಜಮ್ಮ ತಲೆಯೆತ್ತದೆ ಕೇಳಿದರು.

"ಅವತ್ತು ನಮ್ಮೋನು ಆಫೀಸಿಂದ ಎಷ್ಟೊತ್ತಿಗೆ ಹೊರಟನಮ್ಮ?"

"ಒಂದು ಗಂಟೆಗೆ," ಎಂದಳು ಶರ್ವಾಣಿ. ಇನ್ನುಳಿದದ್ದನ್ನೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಭಾನುಪ್ರಿಯಾ ಮಾತಾಡಿದಳು. ಮನೆಗೆ ಬಂದು ಊಟ ಮಾಡಿಕೊಂಡು ಹೋಗಿ ಎಂದು ನಾನೇ ಕರೆದಿದ್ದೆ, ಅದಕ್ಕೇ ಅವರು ಮುಂದಕ್ಕೆ ಬಂದರು, ಇಷ್ಟು ದಿನ ಹೇಳುವ ಧೈರ್ಯ ಬರಲಿಲ್ಲ ಎಂದಳು. ಹೇಳುವಾಗ ಅವಳ ಮಡಿಲಿನ ಗೂಡುಗಳು ನೆಲಕ್ಕೆ ಉರುಳಿದವು.

ಅಮ್ಮಾಜಮ್ಮ ಬಿದ್ದ ಗೂಡುಗಳನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿದರು.

"ನಾವಿಬ್ರೂ ಉಂಡು ಎದ್ದಿದ್ವಿ ಅವತ್ತು," ಎಂದರು. "ಆಮೇಲೆ ನೀನು ಮತ್ತೆ ಮುದ್ದೆಗೆ ಎಸರಿಟ್ಟೆ. ಯಾರಿಗೆ ಅಂತ ನಾನು ಕೇಳಲಿಲ್ಲ. ಸಾಯಂಕಾಲ ಸುದ್ದಿ ಬಂದ್ಮೇಲೆ ಆ ಪಾತ್ರೆ ತೊಳೆದಿಟ್ಟೋಳು ನಾನೇ."

ಅತ್ತೆಗೆ ಮೊದಲೇ ಗೊತ್ತಿತ್ತೆಂದು ಭಾನುಪ್ರಿಯಾಗೆ ಆಗ ತಿಳಿಯಿತು. ನಾನೂ ಒಂದು ಮಾತು ಹೇಳಬೇಕು ಅಮ್ಮ ಎಂದಳು ಶರ್ವಾಣಿ. ಮುದುಕಿ ಮೊರವನ್ನು ಬದಿಗಿಟ್ಟು, ಬಿಸಿಲು ತಾಗುತ್ತದೆ, ಈ ಕಡೆ ನೆರಳಿಗೆ ಬಂದು ಹೇಳು ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.